ಜ್ವರ ಯಾರಿಗೆ, ಬರೆ ಯಾರಿಗೆ?

ಪ್ರಶ್ನೆ: ನನ್ನ ಅಣ್ಣನಿಗೆ ಐವತ್ತರ ಆಸುಪಾಸು. ಸೌಮ್ಯ ಸ್ವಭಾವದವನು, ಯಾರಿಗೆ ಕಷ್ಟ ಬಂದರೂ ಮೊದಲು ಓಡಿಹೋಗುವವನು. ಕೆಲವು ವರ್ಷಗಳಿಂದೀಚೆಗೆ ಹೊರಗಿನಿಂದ ಬಂದವರ ಮಾತೆತ್ತಿದರೆ ಸಾಕು, ಅವನ ಮುಖವೇ ಬದಲಾಗುತ್ತದೆ. ಎಲ್ಲವನ್ನೂ ಹಾಳುಮಾಡಿದವರು ಅವರೇ, ಮೇಲೆ ಕುಳಿತವರೆಲ್ಲ ಅವರ ಪರ, ನಮ್ಮ ಪರ ಇರುವವನು ಒಬ್ಬನೇ ನಾಯಕ ಎನ್ನುತ್ತಾನೆ. ಅವನ ಬದುಕಿನಲ್ಲಿ ಅಂಥ ಹೊರಗಿನವರು ಯಾರೂ ಇಲ್ಲ. ಅಂಕಿ ಅಂಶ ತೋರಿಸಿದರೆ ಇನ್ನಷ್ಟು ಗಟ್ಟಿಯಾಗುತ್ತಾನೆ. ಇದು ಮಾನಸಿಕ ಸಮಸ್ಯೆಯೇ, ಅಥವಾ ಬರೀ ರಾಜಕೀಯವೇ? ಅವನೊಂದಿಗೆ ಹೇಗೆ ಮಾತನಾಡಲಿ?

ಉತ್ತರ: ಮೊದಲು ನಿಮ್ಮ ಆತಂಕದ ಬಗ್ಗೆ. ನಿಮ್ಮ ಅಣ್ಣನಿಗೆ ಕಾಯಿಲೆಯಿಲ್ಲ. ನೀವು ವರ್ಣಿಸಿದ್ದಕ್ಕೆ ಮನೋವೈದ್ಯರ ಬಳಿ ಹೆಸರೂ ಇಲ್ಲ, ಮಾತ್ರೆಯೂ ಇಲ್ಲ. ಹಾಗೆಂದು ಎಲ್ಲವೂ ಆ ನಾಯಕನ ಕರಾಮತ್ತು ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಅದೇ ಭಾಷಣ ನಿಮ್ಮ ಕಿವಿಗೂ ಬಿದ್ದಿದೆ. ನೀವು ಬದಲಾಗಲಿಲ್ಲ, ಅವರು ಬದಲಾದರು. ಭಾಷಣ ಹೊರಗಿನಿಂದ ಬಂತು, ಆದರೆ ಅದು ಹೋಗಿ ನೆಲೆಯೂರಿದ ಜಾಗ ಒಳಗಿನದು. ಮನಸ್ಸನ್ನು ಓದುವವರು ಒಂದು ಕಡೆ, ರಾಜಕಾರಣವನ್ನು ಓದುವವರು ಇನ್ನೊಂದು ಕಡೆ ನಿಂತು ಮಾತನಾಡಿದಷ್ಟು ಕಾಲ ನಿಮ್ಮಂಥವರ ಪ್ರಶ್ನೆಗೆ ಅರ್ಧ ಉತ್ತರವೇ ಸಿಗುತ್ತದೆ. ಎರಡನ್ನೂ ಕೂಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಾಕ್ಯ: ಅಣ್ಣನ ಬದುಕಿನಲ್ಲಿ ಅಂಥ ಹೊರಗಿನವರು ಯಾರೂ ಇಲ್ಲ. ನೀವು ಇದನ್ನು ಒಗಟೆಂಬಂತೆ ಬರೆದಿದ್ದೀರಿ. ಪರಕೀಯ ದ್ವೇಷವನ್ನು ಅಧ್ಯಯನ ಮಾಡಿದವರಿಗೆ ಇದು ಹಳೆಯ ಪರಿಚಯ. ಅಮೆರಿಕದ ಮನಶ್ಶಾಸ್ತ್ರಜ್ಞ ಯೂಜೀನ್ ಹಾರ್ಟ್ಲಿ 1946ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಹಲವು ಜನಾಂಗಗಳ ಪಟ್ಟಿಯಿಟ್ಟು, ಇವರಲ್ಲಿ ಯಾರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ ಎಂದು ಕೇಳಿದ್ದರು. ಆ ಪಟ್ಟಿಯ ಮೂರು ಹೆಸರುಗಳನ್ನು ಅವರೇ ಹುಟ್ಟಿಸಿ ಸೇರಿಸಿದ್ದರು: ಡ್ಯಾನಿರಿಯನ್, ಪೈರಿನಿಯನ್, ವ್ಯಾಲೋನಿಯನ್. ನಿಜವಾದ ಜನಾಂಗಗಳನ್ನು ದೂರವಿಟ್ಟ ವಿದ್ಯಾರ್ಥಿಗಳು ಬಹುಮಟ್ಟಿಗೆ ಈ ಇಲ್ಲದ ಜನರನ್ನೂ ದೂರವಿಟ್ಟರು. ಅರವತ್ತು ವರ್ಷಗಳ ನಂತರ, 2006ರಲ್ಲಿ, ಹಂಗೇರಿಯ ತಾರ್ಕಿ ಎಂಬ ಸಂಶೋಧನಾ ಸಂಸ್ಥೆ ತನ್ನ ಸಮೀಕ್ಷೆಯಲ್ಲಿ ಪಿರೇಜ್ ಎಂಬ ಜನರನ್ನು ಸೇರಿಸಿತು. ಅಂಥ ಜನ ಭೂಮಿಯ ಮೇಲೆಲ್ಲೂ ಇಲ್ಲ. ಆದರೂ ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರನ್ನು ದೇಶದೊಳಗೆ ಬಿಡಕೂಡದು ಎಂದರು. ಮರುವರ್ಷ ಮತ್ತೆ ಕೇಳಿದಾಗ ಬೇಡವೆಂದವರ ಪ್ರಮಾಣ ಇನ್ನೂ ಏರಿತ್ತು. ಆ ಒಂದು ವರ್ಷದಲ್ಲಿ ಯಾವ ಪಿರೇಜ್ ಮನುಷ್ಯನೂ ಯಾರಿಗೂ ಏನೂ ಮಾಡಿರಲಿಲ್ಲ.

ದ್ವೇಷಕ್ಕೆ ದ್ವೇಷಿಸಲ್ಪಡುವವರು ಎದುರಿಗಿರಬೇಕಾಗಿಲ್ಲ ಎಂಬುದು ಇಲ್ಲಿಗೆ ಸ್ಪಷ್ಟ. ಆದರೆ ಕಥೆಯನ್ನು ಇಲ್ಲಿಗೇ ಮುಗಿಸಿದರೆ ಅನ್ಯಾಯವಾಗುತ್ತದೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಬೋಸ್ಟನ್ ಎಂಬ ಪಟ್ಟಣವಿದೆ. 2016ರ ಜೂನ್ 23ರಂದು ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೇ ಎಂಬ ಜನಮತಗಣನೆ ನಡೆದಾಗ, ಬಿಡಬೇಕೆಂಬ ಮತ ಇಡೀ ದೇಶದಲ್ಲಿ ಅತಿ ಹೆಚ್ಚು ಬಿದ್ದದ್ದು ಅಲ್ಲಿ: ಶೇ 75.6. ಅಲ್ಲಿನ ಹೊರಗಿನವರು ಕಲ್ಪನೆಯವರಾಗಿರಲಿಲ್ಲ. 2004ರ ನಂತರ ಪೂರ್ವ ಯುರೋಪಿನಿಂದ ಸಾವಿರಾರು ಜನ ಹೊಲಗಳ ಕೆಲಸಕ್ಕೆ, ತರಕಾರಿ ಪ್ಯಾಕ್ ಮಾಡುವ ಕೆಲಸಕ್ಕೆ ಬಂದು ನೆಲೆಸಿದ್ದರು. ಕೆಲವೇ ವರ್ಷಗಳಲ್ಲಿ ಊರಿನ ಬೀದಿಗಳ ಚಹರೆ ಬದಲಾಯಿತು, ಬಾಡಿಗೆ ಮನೆಗಳ ಮೇಲೆ ಒತ್ತಡ ಬಿತ್ತು. ಅದಕ್ಕೆ ಕಸಿವಿಸಿಗೊಂಡವರನ್ನೆಲ್ಲ ಮನೋರೋಗಿಗಳೆನ್ನುವುದು ಅಹಂಕಾರ.

ಅದೇ ಜನಮತಗಣನೆಯನ್ನು ಇಟಾಲೊ ಕೊಲಾಂತೊನೆ ಮತ್ತು ಪಿಯೆರೊ ಸ್ತಾನಿಗ್ ಎಂಬ ಇಬ್ಬರು ವಿದ್ವಾಂಸರು ಪ್ರದೇಶವಾರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಚೀನಾದಿಂದ ಬಂದ ಅಗ್ಗದ ಸರಕಿನ ಹೊಡೆತಕ್ಕೆ ಎಲ್ಲಿನ ಕಾರ್ಖಾನೆಗಳು ಹೆಚ್ಚು ಸಿಕ್ಕಿದ್ದವೋ ಅಲ್ಲಿ ಒಕ್ಕೂಟ ಬಿಡುವ ಪರ ಮತ ಹೆಚ್ಚಾಗಿತ್ತು. ಒಂದು ಪ್ರದೇಶದಲ್ಲಿ ಒಟ್ಟಾರೆ ವಲಸಿಗರು ಎಷ್ಟಿದ್ದಾರೆ ಎಂಬುದಕ್ಕೂ ಆ ಮತಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಒಕ್ಕೂಟಕ್ಕೆ ಹೊಸದಾಗಿ ಸೇರಿದ ಪೂರ್ವ ಯುರೋಪಿನ ದೇಶಗಳಿಂದ ಬಂದವರ ವಿಷಯದಲ್ಲಿ ಮಾತ್ರ ಸಂಬಂಧ ಕಂಡಿತು. ಅಂದರೆ ಬೋಸ್ಟನ್‌ನ ಕಥೆ ನಿಜ, ಆದರೆ ಇಡೀ ದೇಶದ ಕಥೆ ಅದಲ್ಲ. ಅನೇಕ ಕಡೆ ಅನ್ನ ಕಿತ್ತುಕೊಂಡದ್ದು ವ್ಯಾಪಾರ ನೀತಿ ಮತ್ತು ಕೆಲಸ ಕಳೆದುಕೊಂಡವರಿಗೆ ಪರಿಹಾರ ಕೊಡದ ಸರ್ಕಾರಗಳು. ಪ್ರಚಾರ ಬೊಟ್ಟು ಮಾಡಿದ್ದು ಗಡಿ ದಾಟಿ ಬರುವ ಮನುಷ್ಯನತ್ತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದನ್ನು ಕಂಡೇ.

ಜ್ವರ ಸುಳ್ಳಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಉತ್ತರ ಬೇಕಾದ ಪ್ರಶ್ನೆ ಇದು: ಎಮ್ಮೆಗೆ ಬರೆ ಎಳೆದರೆ ಎತ್ತಿನವನಿಗೆ ಯಾಕೆ ಸಮಾಧಾನವಾಗುತ್ತದೆ?

ಇಲ್ಲಿ ಮನೋವಿಶ್ಲೇಷಣೆ, ಅಂದರೆ ನಮ್ಮ ಅರಿವಿಗೇ ಬಾರದ ಆಸೆ, ಭಯಗಳನ್ನು ಓದುವ ಶಾಸ್ತ್ರ, ಉಪಯೋಗಕ್ಕೆ ಬರುತ್ತದೆ. ಅದರ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್ 1921ರಲ್ಲಿ, ಮೊದಲ ಮಹಾಯುದ್ಧದ ಬೂದಿ ಆರುವ ಮುನ್ನ, ಗುಂಪಿನ ಮನಸ್ಸಿನ ಬಗ್ಗೆ ಬರೆದರು. ಅವರಿಗಿಂತ ಮೊದಲು ಫ್ರಾನ್ಸಿನ ಗುಸ್ತಾವ್ ಲ ಬಾನ್ ಗುಂಪನ್ನು ಮತಿಗೆಟ್ಟ, ಸಮ್ಮೋಹನಕ್ಕೆ ಒಳಗಾದ ಪ್ರಾಣಿಯಂತೆ ವರ್ಣಿಸಿದ್ದರು. ಫ್ರಾಯ್ಡ್ ಅಲ್ಲಿಗೆ ನಿಲ್ಲಲಿಲ್ಲ. ಗುಂಪನ್ನು ಹಿಡಿದಿಡುವ ಅಂಟು ಯಾವುದು ಎಂದು ಕೇಳಿದರು. ಅವರ ಉತ್ತರ: ಪ್ರೀತಿ. ನಾನು ಹೇಗಿರಬೇಕು ಎಂದು ಪ್ರತಿಯೊಬ್ಬರ ಒಳಗೂ ಒಂದು ಆದರ್ಶದ ಮೂರ್ತಿ ಇರುತ್ತದೆ. ಆ ಜಾಗದಲ್ಲಿ ಸಾವಿರಾರು ಜನ ಒಬ್ಬನೇ ನಾಯಕನನ್ನು ಕೂರಿಸಿಕೊಂಡಾಗ, ಅವರೆಲ್ಲರಿಗೂ ಒಬ್ಬರನ್ನೊಬ್ಬರು ಕಂಡು ತಮ್ಮನ್ನೇ ಕಂಡಂತಾಗುತ್ತದೆ. ಸಾಲ, ಅವಮಾನ, ಮನೆಯೊಳಗಿನ ಜಗಳ ಎಲ್ಲವೂ ಆ ಹೊತ್ತಿಗೆ ಹಗುರಾಗುತ್ತವೆ. ನಿಮ್ಮ ಅಣ್ಣನಿಗೆ ಸಿಕ್ಕಿರುವುದು ದ್ವೇಷ ಮಾತ್ರವೆಂದು ನೀವು ತಿಳಿದಿದ್ದರೆ ಅವರನ್ನು ಅರ್ಥಮಾಡಿಕೊಳ್ಳಲಾರಿರಿ. ಅವರಿಗೆ ಸಿಕ್ಕಿರುವುದು ಮೊದಲಾಗಿ ಒಂದು ಬಳಗ. ಫ್ರಾಯ್ಡ್ ಅದೇ ಕೃತಿಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ್ದರು: ನಾಯಕನ ಮೇಲಿನ ಪ್ರೀತಿ ಜನರನ್ನು ಹೇಗೆ ಒಗ್ಗೂಡಿಸುತ್ತದೆಯೋ, ಒಬ್ಬ ವ್ಯಕ್ತಿಯ ಅಥವಾ ಸಂಸ್ಥೆಯ ಮೇಲಿನ ದ್ವೇಷವೂ ಹಾಗೆಯೇ ಒಗ್ಗೂಡಿಸಬಲ್ಲದು.

ನಾಯಕನ ಸುಳ್ಳು, ಹಗರಣ, ಒರಟು ಮಾತು ಬಯಲಾದರೂ ಬೆಂಬಲಿಗರು ಯಾಕೆ ಅಲುಗಾಡುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ನಾತ್ಸಿ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಚಿಂತಕ ಥಿಯೊಡೊರ್ ಅಡೊರ್ನೊ ಫ್ರಾಯ್ಡ್‌ರ ಈ ವಿಚಾರವನ್ನು ಹಿಡಿದು 1951ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಇಂಥ ನಾಯಕ ಸರ್ವಶಕ್ತನೂ ಆಗಿರಬೇಕು, ಜೊತೆಗೆ ನಮ್ಮಂಥ ಸಾಮಾನ್ಯನೂ ಆಗಿರಬೇಕು. ಅವನ ದೌರ್ಬಲ್ಯಗಳೇ ಅವನನ್ನು ನಮ್ಮವನನ್ನಾಗಿಸುತ್ತವೆ. ನಾವು ನುಂಗಿಕೊಂಡ ಸಿಟ್ಟನ್ನು ಅವನು ವೇದಿಕೆಯ ಮೇಲೆ ನಾಚಿಕೆಯಿಲ್ಲದೆ ಉಗುಳುತ್ತಾನೆ. ಅವನನ್ನು ಬೈದರೆ ಅದು ಬೆಂಬಲಿಗನ ಮೈಮೇಲೆಯೇ ಬೀಳುತ್ತದೆ. ನೀವು ಆ ನಾಯಕನ ಹುಳುಕು ಎತ್ತಿ ತೋರಿಸಿದಾಗ ಅಣ್ಣ ಸಿಡಿದೇಳುವುದು ಇದಕ್ಕೇ.

ಇನ್ನು ದ್ವೇಷದ ಒಳಗಿನ ಯಂತ್ರ. ಹೊರಗಿನವರ ಮೇಲೆ ಹೊರಿಸುವ ಆಪಾದನೆಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿ. ಅವರು ಸೋಮಾರಿಗಳು, ಸರ್ಕಾರದ ದುಡ್ಡಿನಲ್ಲಿ ಕೂತು ತಿನ್ನುತ್ತಾರೆ. ಅವರು ಹಗಲು ರಾತ್ರಿ ದುಡಿದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ. ಅವರು ನಮ್ಮೊಂದಿಗೆ ಬೆರೆಯುವುದೇ ಇಲ್ಲ. ಅವರು ಎಲ್ಲೆಲ್ಲೂ ನುಸುಳಿಬಿಟ್ಟಿದ್ದಾರೆ. ಅವರು ಹಿಂದುಳಿದವರು, ಕೊಳಕರು. ಅವರು ಮಹಾ ಚಾಣಾಕ್ಷರು, ತೆರೆಯ ಹಿಂದೆ ನಿಂತು ಎಲ್ಲವನ್ನೂ ಆಡಿಸುತ್ತಾರೆ. ಒಬ್ಬನೇ ಮನುಷ್ಯ ಇದೆಲ್ಲವೂ ಆಗಿರಲು ಸಾಧ್ಯವಿಲ್ಲ. ಆದರೆ ಹೇಳುವವನಿಗೆ ಈ ವಿರೋಧಾಭಾಸ ಕಿಂಚಿತ್ತೂ ಬಾಧಿಸುವುದಿಲ್ಲ. ಯಾಕೆಂದರೆ ಈ ಪಟ್ಟಿಯಲ್ಲಿ ಹೊರಗಿನವನ ಚಿತ್ರವಿಲ್ಲ. ಹೇಳುವವನು ತನ್ನೊಳಗೆ ಇಟ್ಟುಕೊಳ್ಳಲಾರದ ಸಂಗತಿಗಳ ಚಿತ್ರವಿದೆ. ದುಡಿದು ದುಡಿದು ಬಳಲಿದವನಿಗೆ ಯಾರಾದರೂ ತನ್ನನ್ನು ನೋಡಿಕೊಳ್ಳಲಿ ಎಂಬ ಆಸೆ ಇರುತ್ತದೆ. ಅದನ್ನು ತನ್ನದೆಂದು ಒಪ್ಪಿಕೊಳ್ಳಲು ನಾಚಿಕೆ. ತಾನು ನಿರುಪಯೋಗಿಯಾಗುತ್ತಿದ್ದೇನೆ ಎಂಬ ಭಯ ಇರುತ್ತದೆ; ಅದನ್ನು ಬಾಯಿಬಿಟ್ಟು ಹೇಳಲು ಇನ್ನೂ ನಾಚಿಕೆ. ಎರಡನ್ನೂ ಬೇರೊಬ್ಬನ ಮೈಗೆ ಹಚ್ಚಿಬಿಟ್ಟರೆ ಒಳಗೆ ತುಸು ನೆಮ್ಮದಿ.

ಲಂಡನ್ನಿನಲ್ಲಿ ಕೆಲಸ ಮಾಡಿದ ಮನೋವಿಶ್ಲೇಷಕಿ ಮೆಲನಿ ಕ್ಲೈನ್ 1946ರಲ್ಲಿ ಇದರ ಬೇರನ್ನು ಶೈಶವದಲ್ಲೇ ಗುರುತಿಸಿದರು. ಎಳೆಗೂಸು ಜಗತ್ತನ್ನು ಪೂರ್ತಿ ಒಳ್ಳೆಯದು, ಪೂರ್ತಿ ಕೆಟ್ಟದ್ದು ಎಂದು ಸೀಳಿಕೊಂಡು, ಸಹಿಸಲಾಗದ್ದನ್ನು ಹೊರಕ್ಕೆ ತಳ್ಳುತ್ತದೆ. ಬೆಳೆಯುತ್ತಾ, ತನ್ನನ್ನು ತಣಿಸುವ ತಾಯಿಯೂ ಕಾಯಿಸುವ ತಾಯಿಯೂ ಒಬ್ಬಳೇ ಎಂಬುದನ್ನು ಅರಿಯುತ್ತದೆ. ಆ ಅರಿವಿನ ಜೊತೆಗೆ ದುಃಖವೂ ಬರುತ್ತದೆ, ಇನ್ನೊಬ್ಬರ ಬಗ್ಗೆ ಕಾಳಜಿಯೂ ಬರುತ್ತದೆ. ಕ್ಲೈನ್ ಅವರ ಅತ್ಯಂತ ಪ್ರೌಢವಾದ ಒಳನೋಟ ಎಂದರೆ, ಈ ಸೀಳುವ ರೀತಿಯನ್ನು ನಾವು ಯಾರೂ ದಾಟಿ ಮುಗಿಸುವುದಿಲ್ಲ ಎಂಬುದು. ಭಯ ಹೆಚ್ಚಾದಾಗಲೆಲ್ಲ ಹಿಂದಕ್ಕೆ ಜಾರುತ್ತೇವೆ. ನೀವೂ ಜಾರುತ್ತೀರಿ, ನಾನೂ ಜಾರುತ್ತೇನೆ. ಹೊರಕ್ಕೆ ತಳ್ಳಿದ್ದು ಅಲ್ಲಿಗೆ ತೀರಿಹೋಗುವುದೂ ಇಲ್ಲ. ನನ್ನ ಆಕ್ರಮಣವನ್ನು ಅವನೊಳಗೆ ತುಂಬಿದ ಮೇಲೆ ಅವನು ನನ್ನ ಮೇಲೆ ಎರಗಲು ಬರುವವನಂತೆ ಕಾಣತೊಡಗುತ್ತಾನೆ. ದ್ವೇಷಿಸುವವರು ಯಾವಾಗಲೂ ತಾವು ಆತ್ಮರಕ್ಷಣೆಗಾಗಿ ಹೋರಾಡುತ್ತಿದ್ದೇವೆ ಎಂದೇ ನಂಬಿರುವುದು ಈ ಕಾರಣಕ್ಕೆ. ಅವರು ನಟಿಸುತ್ತಿಲ್ಲ, ಅವರಿಗೆ ನಿಜಕ್ಕೂ ಹೆದರಿಕೆಯಾಗಿದೆ.

ಇದರ ಕೆಳಗೆ ಇನ್ನೊಂದು ಪದರವಿದೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು: ಅಳಲಾಗದ ನಷ್ಟ. ಫ್ರಾಯ್ಡ್ 1917ರಲ್ಲಿ ಶೋಕ ಮತ್ತು ವಿಷಣ್ಣತೆಯ ನಡುವಿನ ಅಂತರವನ್ನು ವಿವರಿಸಿದ್ದರು. ಶೋಕಿಸುವವನಿಗೆ ತಾನು ಯಾರನ್ನು, ಏನನ್ನು ಕಳೆದುಕೊಂಡೆ ಎಂದು ಗೊತ್ತಿರುತ್ತದೆ. ಅತ್ತು ಅತ್ತು ಕೊನೆಗೊಮ್ಮೆ ಬದುಕಿನ ಕಡೆ ತಿರುಗುತ್ತಾನೆ. ಇನ್ನೊಂದು ಬಗೆಯ ನಷ್ಟದಲ್ಲಿ ಕಳೆದದ್ದು ಏನೆಂದೇ ಸ್ಪಷ್ಟವಿರುವುದಿಲ್ಲ. ಕೆಲಸ ಹೋಯಿತು ಎಂದರೆ ಸಂಬಳ ಮಾತ್ರ ಹೋಗುವುದಿಲ್ಲ. ಕೈಚಳಕಕ್ಕೆ ಸಿಗುತ್ತಿದ್ದ ಗೌರವ, ಮಕ್ಕಳು ತಲೆಯೆತ್ತಿ ನೋಡುತ್ತಿದ್ದ ನೋಟ, ನಾಳೆ ನಿನ್ನೆಗಿಂತ ಚೆನ್ನಾಗಿರುತ್ತದೆ ಎಂಬ ಭರವಸೆ ಎಲ್ಲವೂ ಹೋಗುತ್ತದೆ. ಇದಕ್ಕೆ ತಿಥಿಯಿಲ್ಲ, ಸಾಂತ್ವನ ಹೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ. ಆಗ ಒಬ್ಬ ನಾಯಕ ಬಂದು, ನೀನು ಕಳೆದುಕೊಂಡಿಲ್ಲ, ನಿನ್ನಿಂದ ಕದ್ದಿದ್ದಾರೆ ಎನ್ನುತ್ತಾನೆ. ಈ ಮಾತಿನ ಬಲವನ್ನು ಕಡೆಗಣಿಸಬೇಡಿ. ಕಳೆದದ್ದಕ್ಕೆ ಅಳಬೇಕು; ಕದ್ದದ್ದನ್ನಾದರೆ ವಾಪಸ್ ಪಡೆಯಬಹುದು. ದುಃಖ ಮನುಷ್ಯನನ್ನು ಕುಗ್ಗಿಸುತ್ತದೆ, ಕಳ್ಳನ ಮೇಲಿನ ಸಿಟ್ಟು ಎದೆಯುಬ್ಬಿಸುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಗೆದ್ದ ಘೋಷಣೆಗಳು ಹೊಸದೇನನ್ನೂ ಕೊಡುವ ಭರವಸೆ ಕೊಡಲಿಲ್ಲ. ಹಿಂದೆ ಇದ್ದದ್ದನ್ನು ಹಿಂದಿರುಗಿಸುತ್ತೇವೆ ಎಂದವು.

ಹಳೆಯ ನಷ್ಟವನ್ನು ಬೇಕೆಂದೇ ಎಬ್ಬಿಸುವುದೂ ಉಂಟು. ಸೈಪ್ರಸ್ ಮೂಲದ ಮನೋವಿಶ್ಲೇಷಕ ವಾಮಿಕ್ ವೋಲ್ಕನ್ ಇದನ್ನು ಆಯ್ದುಕೊಂಡ ಆಘಾತ ಎಂದು ಕರೆದು, ಸರ್ಬಿಯಾದ ಉದಾಹರಣೆ ಕೊಡುತ್ತಾರೆ. 1389ರಲ್ಲಿ ಒಟ್ಟೊಮನ್ ತುರ್ಕರ ವಿರುದ್ಧ ನಡೆದ ಕೊಸೊವೊ ಯುದ್ಧದಲ್ಲಿ ಮಡಿದ ರಾಜ ಲಜಾರ್‌ನ ಅಸ್ಥಿಗಳನ್ನು, ಆರುನೂರನೆಯ ವರ್ಷಾಚರಣೆ ಸಮೀಪಿಸಿದಂತೆ, ಊರೂರಿಗೆ ಮೆರವಣಿಗೆ ಒಯ್ದರು. ಕಪ್ಪು ಬಟ್ಟೆ ತೊಟ್ಟ ಜನ ನಿನ್ನೆ ಸತ್ತವನಿಗೆ ಅಳುವಂತೆ ಅತ್ತರು. 1989ರ ಜೂನ್ 28ರಂದು ಅದೇ ರಣಭೂಮಿಯಲ್ಲಿ ನೆರೆದ ಅಪಾರ ಜನಸ್ತೋಮದ ಮುಂದೆ ಸರ್ಬಿಯಾದ ನಾಯಕ ಸ್ಲೊಬೊದಾನ್ ಮಿಲೊಶೆವಿಚ್ ಭಾಷಣ ಮಾಡಿದರು. ಎರಡು ವರ್ಷಗಳಲ್ಲಿ, ಸರ್ಬಿಯಾ ಒಂದು ಭಾಗವಾಗಿದ್ದ ಯುಗೊಸ್ಲಾವಿಯಾ ಯುದ್ಧದಲ್ಲಿ ಮುಳುಗಿತು.

ಮನಸ್ಸಿನ ಈ ಯಂತ್ರ ಎಲ್ಲ ಕಾಲಕ್ಕೂ ಎಲ್ಲರೊಳಗೂ ಇದೆ. ಹಾಗಿದ್ದರೆ ಒಂದು ದಶಕದಲ್ಲಿ ಅದು ನಿದ್ರಿಸಿ ಇನ್ನೊಂದರಲ್ಲಿ ಏಳುವುದೇಕೆ? ಮನೋವಿಶ್ಲೇಷಣೆ ಇದಕ್ಕೆ ತಾನೊಂದೇ ಉತ್ತರ ಕೊಡಲಾರದು. ಇಲ್ಲಿಂದ ರಾಜಕಾರಣದ ಸರದಿ.

ಜನರ ಹೆಸರಿನಲ್ಲಿ ಮೇಲೆ ಕುಳಿತವರ ವಿರುದ್ಧ ನಡೆಸುವ ರಾಜಕಾರಣಕ್ಕೆ ಪಾಪ್ಯುಲಿಸಂ ಎಂಬ ಹೆಸರಿದೆ. ಪಾಪ್ಯುಲಿಸಂ ಎಂದರೆ ಪರಕೀಯ ದ್ವೇಷ ಎಂದು ಅನೇಕರು ಸಮೀಕರಿಸುತ್ತಾರೆ. ಅದು ತಪ್ಪು. ಡಚ್ ವಿದ್ವಾಂಸ ಕಾಸ್ ಮುಡ್ಡ 2004ರಲ್ಲಿ ಕೊಟ್ಟ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ವ್ಯಾಖ್ಯೆಯ ಪ್ರಕಾರ ಅದು ಒಂದು ತೆಳ್ಳನೆಯ ಸಿದ್ಧಾಂತ: ಸಮಾಜದಲ್ಲಿ ಎರಡೇ ಪಾಳಯಗಳಿವೆ, ಒಂದು ಶುದ್ಧ ಜನತೆ, ಇನ್ನೊಂದು ಭ್ರಷ್ಟ ಗಣ್ಯರು. ತೆಳ್ಳಗಿರುವುದರಿಂದ ಅದು ಬೇರೆ ಯಾವುದಕ್ಕಾದರೂ ಅಂಟಿಕೊಳ್ಳಬೇಕು, ಎಡಕ್ಕೂ ಅಂಟಬಹುದು, ಬಲಕ್ಕೂ ಅಂಟಬಹುದು. ಜನಪ್ರಿಯ ಅಧ್ಯಕ್ಷ ಪೆರೋನ್ ಕಾಲದ ರಾಜಕಾರಣ ಕಂಡು ಬೆಳೆದ ಅರ್ಜೆಂಟೀನಾದ ಚಿಂತಕ ಎರ್ನೆಸ್ಟೊ ಲಾಕ್ಲೌ ಇನ್ನೂ ಮುಂದೆ ಹೋಗಿ, ಈಡೇರದ ನೂರಾರು ಬೇಡಿಕೆಗಳು ಒಂದೇ ಹೆಸರಿನಡಿ ಕೂಡಿಕೊಂಡಾಗಲೇ ಜನತೆ ಎಂಬುದು ಹುಟ್ಟುತ್ತದೆ, ಅದಿಲ್ಲದೆ ರಾಜಕಾರಣವೇ ಇಲ್ಲ ಎಂದು ವಾದಿಸಿದರು. ಆ ಜನತೆಯ ಎದುರಾಳಿ ಯಾರು ಎಂಬುದು ಮೊದಲೇ ಬರೆದಿಟ್ಟದ್ದಲ್ಲ; ಜಮೀನ್ದಾರನಾಗಬಹುದು, ಬ್ಯಾಂಕ್ ಆಗಬಹುದು, ವಲಸಿಗನಾಗಬಹುದು. ಅಮೆರಿಕದ ಪೀಪಲ್ಸ್ ಪಾರ್ಟಿ 1892ರಲ್ಲಿ ಒಮಾಹಾದಲ್ಲಿ ಹೊರಡಿಸಿದ ಪ್ರಣಾಳಿಕೆ ಮುಖ್ಯವಾಗಿ ರೈಲ್ವೆ ಕಂಪನಿಗಳ, ಬ್ಯಾಂಕುಗಳ ವಿರುದ್ಧ ರೈತರ ಕೂಗು. ಆದರೆ ಅದಕ್ಕೆ ಲಗತ್ತಿಸಿದ ಠರಾವುಗಳಲ್ಲೇ ಹೊರಗಿನಿಂದ ಬರುವ ಬಡವರನ್ನು, ಅಪರಾಧಿಗಳನ್ನು ತಡೆಯಬೇಕೆಂಬ ಒಂದು ಠರಾವೂ ಇತ್ತು. ಮೇಲಿನವರತ್ತ ಚಾಚಿದ ಬೆರಳು ಪಕ್ಕದವನತ್ತ ತಿರುಗಲು ಎಷ್ಟು ಕಡಿಮೆ ಹೊತ್ತು ಸಾಕು ನೋಡಿ.

ಈ ತಿರುವೇ ನಿಮ್ಮ ಅಣ್ಣನ ಮಾತಿನಲ್ಲೂ ಇದೆ: ಮೇಲೆ ಕುಳಿತವರೆಲ್ಲ ಅವರ ಪರ. ಬಲಪಂಥೀಯ ಪಾಪ್ಯುಲಿಸಂ ಮೂರು ಕೋನಗಳದು ಎಂದು ಅಮೆರಿಕದ ಪತ್ರಕರ್ತ ಜಾನ್ ಜುಡಿಸ್ 2016ರಲ್ಲಿ ಗುರುತಿಸಿದ್ದರು. ಅದು ಗಣ್ಯರನ್ನು ಬೈಯುವುದು ಮೂರನೆಯವರೊಬ್ಬರನ್ನು ಮುದ್ದು ಮಾಡುತ್ತಾರೆ ಎಂಬ ಕಾರಣಕ್ಕೆ. ತಂದೆ ತಾಯಿ ತನ್ನನ್ನು ಬಿಟ್ಟು ಹೊಸ ಮಗುವನ್ನು ಎತ್ತಿಕೊಂಡರು ಎಂದು ಮೊದಲ ಮಗು ಉರಿದುಕೊಳ್ಳುವ ಭಾವ ಇದರಲ್ಲಿ ಹಾಗೆಹಾಗೇ ಇದೆ. ಜರ್ಮನಿಯ ರಾಜಕೀಯ ಚಿಂತಕ ಯಾನ್ ವರ್ನರ್ ಮ್ಯುಲ್ಲರ್ ಎತ್ತಿ ತೋರಿಸುವ ಅಪಾಯ ಬೇರೆ ಬಗೆಯದು, ಮತ್ತು ನನ್ನ ಪ್ರಕಾರ ಅದೇ ಹೆಚ್ಚು ಗಂಭೀರ. ಪಾಪ್ಯುಲಿಸ್ಟ್ ನಾಯಕ ನಾವೂ ಜನರ ಪ್ರತಿನಿಧಿಗಳು ಎನ್ನುವುದಿಲ್ಲ, ನಾವು ಮಾತ್ರ ಎನ್ನುತ್ತಾನೆ. ಅಲ್ಲಿಗೆ ಅವನನ್ನು ಒಪ್ಪದ ಪ್ರಜೆ ಪ್ರಜೆಯೇ ಅಲ್ಲವೆಂದಾಗುತ್ತದೆ.

ಹಂಗೇರಿಗೆ ಮತ್ತೆ ಬರೋಣ. 2015ರ ಬೇಸಿಗೆಯಲ್ಲಿ ಅಲ್ಲಿನ ಸರ್ಕಾರ ದೇಶದ ತುಂಬ ದೊಡ್ಡ ದೊಡ್ಡ ಫಲಕಗಳನ್ನು ನಿಲ್ಲಿಸಿತು. ನೀನು ಹಂಗೇರಿಗೆ ಬರುವುದಾದರೆ ಇಲ್ಲಿನ ಕಾನೂನನ್ನು ಗೌರವಿಸಬೇಕು, ಹಂಗೇರಿಯವರ ಕೆಲಸ ಕಿತ್ತುಕೊಳ್ಳಬಾರದು ಎಂದು ಅವು ವಲಸಿಗನನ್ನು ನೇರವಾಗಿ ಗದರುತ್ತಿದ್ದವು. ಫಲಕಗಳಿದ್ದದ್ದು ಹಂಗೇರಿಯನ್ ಭಾಷೆಯಲ್ಲಿ. ಸಿರಿಯಾದಿಂದಲೋ ಅಫ್ಗಾನಿಸ್ತಾನದಿಂದಲೋ ನಡೆದು ಬಂದವನಿಗೆ ಅದರ ಒಂದಕ್ಷರವೂ ತಿಳಿಯದು. ಓದುವವರು ಹಂಗೇರಿಯವರು, ಮತ್ತು ಅವರೇ ಓದಲೆಂದು ಅವನ್ನು ನಿಲ್ಲಿಸಲಾಗಿತ್ತು. ಮರುವರ್ಷ ಅಕ್ಟೋಬರ್ 2ರಂದು, ಐರೋಪ್ಯ ಒಕ್ಕೂಟ ಆಶ್ರಿತರನ್ನು ಹಂಚಿ ಕಳಿಸುವುದರ ಬಗ್ಗೆ ಜನಮತಗಣನೆ ನಡೆಯಿತು. ಹಂಗೇರಿಯ ಪಾಲಿಗೆ ಬಂದಿದ್ದವರು 1,294 ಮಂದಿ. ದೇಶದ ಜನಸಂಖ್ಯೆ ಒಂದು ಕೋಟಿಯ ಹತ್ತಿರ. ಸಿಂಧುವಾದ ಮತಗಳಲ್ಲಿ ಶೇ 98ರಷ್ಟು ಬೇಡ ಎಂದವು. ಆದರೆ ಅರ್ಧಕ್ಕಿಂತ ಹೆಚ್ಚು ಮತದಾರರು ಮನೆಯಲ್ಲೇ ಉಳಿದರು ಅಥವಾ ಮತಪತ್ರವನ್ನು ಕೆಡಿಸಿ ಹಾಕಿದರು, ಫಲಿತಾಂಶ ಊರ್ಜಿತವಾಗಲಿಲ್ಲ. ಪಿರೇಜ್ ಸಮೀಕ್ಷೆ ಹತ್ತು ವರ್ಷ ಮೊದಲೇ ತೋರಿಸಿದ್ದ ಖಾಲಿ ಜಾಗಕ್ಕೆ ಒಂದು ಮುಖವನ್ನು ಸರ್ಕಾರವೇ ತಯಾರಿಸಿ ಕೂರಿಸಿದ್ದು ಹೀಗೆ.

ಆ ಖಾಲಿ ಜಾಗದಲ್ಲಿ ಮೊದಲು ಬೇರೆ ಏನೋ ಇತ್ತು. ಐರ್ಲೆಂಡಿನ ರಾಜಕೀಯ ವಿಜ್ಞಾನಿ ಪೀಟರ್ ಮೇರ್ ಪಶ್ಚಿಮ ಯುರೋಪಿನ ಪಕ್ಷಗಳು ಹೇಗೆ ಒಳಗಿನಿಂದ ಬರಿದಾದವು ಎಂದು ದಾಖಲಿಸಿದ್ದಾರೆ: ಸದಸ್ಯರು ಕರಗಿದರು, ಮತದಾನ ಇಳಿಯಿತು, ನಾಯಕರು ಸರ್ಕಾರದೊಳಗೆ ಸೇರಿಕೊಂಡು ಜನರಿಂದ ದೂರವಾದರು. ಕಾರ್ಮಿಕ ಸಂಘದ ಕಚೇರಿ, ಪಕ್ಷದ ಸ್ಥಳೀಯ ಶಾಖೆ ಎಂದರೆ ಬರೀ ಚುನಾವಣಾ ಯಂತ್ರವಾಗಿರಲಿಲ್ಲ. ಕೆಲಸ ಕಳೆದುಕೊಂಡವನು ಅಲ್ಲಿಗೆ ಹೋಗಿ ಕೂಗಾಡಬಹುದಿತ್ತು. ಅಲ್ಲಿ ಅವನ ಸಿಟ್ಟು ಒಂದು ಬೇಡಿಕೆಯಾಗಿ, ಅರ್ಜಿಯಾಗಿ, ಮುಷ್ಕರವಾಗಿ ರೂಪ ಪಡೆಯುತ್ತಿತ್ತು. ಬ್ರಿಟಿಷ್ ಮನೋವಿಶ್ಲೇಷಕ ವಿಲ್ಫ್ರೆಡ್ ಬಿಯೋನ್ ತಾಯಿಯ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ ಎಂದು ನನಗನ್ನಿಸುತ್ತದೆ: ಮಗುವಿಗೆ ತಾಳಲಾಗದ ಭಯವನ್ನು ತಾಯಿ ತಾನು ತಾಳಿಕೊಂಡು, ಅದು ಸಹಿಸಬಲ್ಲ ರೂಪದಲ್ಲಿ ಹಿಂದಿರುಗಿಸುತ್ತಾಳೆ. ಸಂಸ್ಥೆಗಳೂ ಸಮಾಜಕ್ಕಾಗಿ ಈ ಕೆಲಸ ಮಾಡುತ್ತಿದ್ದವು. ಅವು ಕುಸಿದ ಕಡೆ ತಾಳಲಾಗದ ಭಯ ಬೀದಿಗೆ ಬಂದು ನಿಂತಿತು. ಅದನ್ನು ತಗ್ಗಿಸಿ ಕೊಡುವ ಬದಲು ದುಪ್ಪಟ್ಟು ಮಾಡಿ ಹಿಂದಿರುಗಿಸುವ ನಾಯಕ ಅದನ್ನು ಎತ್ತಿಕೊಂಡ.

ಕೊನೆಗೆ ಇದು ಎಲ್ಲಿಗೆ ತಲುಪಬಹುದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ 2008ರ ಮೇ ತಿಂಗಳನ್ನು ನೆನೆಯಬೇಕು. ಜೊಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಬಡಾವಣೆಯಲ್ಲಿ ಶುರುವಾದ ಹಿಂಸೆ ಹಲವು ಪ್ರಾಂತ್ಯಗಳಿಗೆ ಹಬ್ಬಿತು. ಜಿಂಬಾಬ್ವೆ, ಮೊಜಾಂಬಿಕ್‌ಗಳಿಂದ ಬಂದ ಬಡವರ ಗುಡಿಸಲುಗಳ ಮೇಲೆ ದಾಳಿ ಮಾಡಿದವರೂ ಬಡವರೇ. ಬಿಳಿಯರ ಆಳ್ವಿಕೆಯಿಂದ ಬಿಡುಗಡೆಯ ಹೋರಾಟ ಕೊಟ್ಟ ಭರವಸೆಗಳು ಈಡೇರದೆ ಕಾದು ಕುಳಿತವರು. 62 ಜನ ಸತ್ತರು. ಅವರಲ್ಲಿ 21 ಮಂದಿ ದಕ್ಷಿಣ ಆಫ್ರಿಕಾದವರೇ ಆಗಿದ್ದರು. ಹೊರಗಿನವರು ಯಾರು ಎಂಬ ಗೆರೆ ಒಮ್ಮೆ ಚಲಿಸತೊಡಗಿದರೆ ಒಳಕ್ಕೇ ಬರುತ್ತದೆ.

ಅಣ್ಣನ ನೋವಿನ ಬಗ್ಗೆ ಇಷ್ಟೆಲ್ಲ ಹೇಳುವಾಗ ಬರೆ ಬೀಳುವ ಮೈಯನ್ನು ಮರೆಯಬಾರದು. ಮಾರ್ಟಿನಿಕ್ ದ್ವೀಪದಿಂದ ಫ್ರಾನ್ಸಿಗೆ ಓದಲು ಬಂದ ಕಪ್ಪು ಜನಾಂಗದ ಮನೋವೈದ್ಯ ಫ್ರಾಂಜ್ ಫ್ಯಾನನ್ 1952ರಲ್ಲಿ ಬರೆದಿದ್ದಾರೆ: ಒಂದು ಪುಟ್ಟ ಬಿಳಿಯ ಮಗು ಅವರನ್ನು ಕಂಡು, ಅಮ್ಮಾ ನನಗೆ ಹೆದರಿಕೆ ಎಂದು ಕೂಗಿತು. ಆ ಕ್ಷಣದಲ್ಲಿ ಅವರಿಗೆ ತಮ್ಮ ದೇಹವೇ ತಮ್ಮಿಂದ ಕಳಚಿ ಹೋದಂತಾಯಿತು. ಆ ಮಗು ಹೆದರಿಕೆಯನ್ನು ಹೊತ್ತು ಹುಟ್ಟಿರಲಿಲ್ಲ. ಕಥೆ, ಚಿತ್ರಪುಸ್ತಕ, ದೊಡ್ಡವರ ಮಾತು ಎಲ್ಲವೂ ಸೇರಿ ಅದಕ್ಕೆ ಕಲಿಸಿದ್ದವು.

ನನ್ನ ಶಾಸ್ತ್ರದ ಮಿತಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ವಿವರಣೆಗಳನ್ನು ಕೋಲಾಗಿ ಬಳಸುವವರಿದ್ದಾರೆ. 1964ರಲ್ಲಿ ಅಮೆರಿಕದ ಒಂದು ಪತ್ರಿಕೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಮನೋವೈದ್ಯರ ಅಭಿಪ್ರಾಯ ಕೇಳಿತು. 1,189 ಮಂದಿ, ಅವರನ್ನು ಪರೀಕ್ಷಿಸದೆಯೇ, ಮಾನಸಿಕವಾಗಿ ಅನರ್ಹ ಎಂದು ಘೋಷಿಸಿದರು. ಅದು ವೃತ್ತಿಗೇ ಕಳಂಕ. ಪರೀಕ್ಷಿಸದ ಸಾರ್ವಜನಿಕ ವ್ಯಕ್ತಿಯ ಮಾನಸಿಕ ಸ್ಥಿತಿಯ ಬಗ್ಗೆ ತೀರ್ಪು ಕೊಡಕೂಡದು ಎಂದು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮ ಮಾಡಿತು. ನಾಯಕರಿಗಷ್ಟೇ ಅಲ್ಲ, ಮತದಾರರಿಗೂ ಈ ಮರ್ಯಾದೆ ಸಲ್ಲಬೇಕು. ನಿಮಗೆ ತಲೆ ಕೆಟ್ಟಿದೆ ಎಂದ ಕೂಡಲೇ, ಓದಿದವರು ನಮ್ಮನ್ನು ತುಚ್ಛವಾಗಿ ಕಾಣುತ್ತಾರೆ ಎಂಬ ಅವರ ದೂರನ್ನು ನಾವೇ ಸಾಬೀತು ಮಾಡಿದಂತಾಗುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಹೇಗೆ ಮಾತನಾಡುವುದು. ಅಂಕಿ ಅಂಶಗಳನ್ನು ಸದ್ಯಕ್ಕೆ ಬದಿಗಿಡಿ. ಅವರ ನಂಬಿಕೆ ಅಂಕಿಗಳ ಮೇಲೆ ನಿಂತಿಲ್ಲ, ಹಾಗಾಗಿ ಅಂಕಿಗಳಿಂದ ಬೀಳುವುದೂ ಇಲ್ಲ. ಅಮೆರಿಕದ ರಾಜಕೀಯ ವಿಜ್ಞಾನಿಗಳಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2020ರಲ್ಲಿ ಪ್ರಕಟಿಸಿದ ಕ್ಷೇತ್ರ ಪ್ರಯೋಗಗಳಲ್ಲಿ, ವಾದ ಮಾತ್ರ ಮಂಡಿಸಿದ ಸಂಭಾಷಣೆಗಳಿಂದ ಪೂರ್ವಗ್ರಹ ಅಲುಗಲಿಲ್ಲ. ಎದುರಿನವರನ್ನು ತೀರ್ಪಿಗೆ ಗುರಿಪಡಿಸದೆ ಅವರ ಅನುಭವ ಕೇಳಿ, ತಮ್ಮ ಅನುಭವ ಹಂಚಿಕೊಂಡ ಸಂಭಾಷಣೆಗಳಿಂದ ಸ್ವಲ್ಪ ಬದಲಾವಣೆ ಬಂತು, ಮತ್ತು ಅದು ಕೆಲವು ತಿಂಗಳಾದರೂ ಉಳಿಯಿತು. ಬದಲಾವಣೆ ಸಣ್ಣದು, ಆದರೆ ಬರೀ ವಾದದಿಂದ ಅಷ್ಟೂ ಆಗಲಿಲ್ಲ.

ಅಣ್ಣನನ್ನು ಒಬ್ಬರೇ ಸಿಕ್ಕಾಗ ಕೇಳಿ: ಈ ವಿಷಯ ನಿನ್ನನ್ನು ಇಷ್ಟು ಕಾಡತೊಡಗಿದ್ದು ಯಾವಾಗಿನಿಂದ? ಆ ವರ್ಷಗಳಲ್ಲಿ ಅವರ ಬದುಕಿನಲ್ಲಿ ಏನಾಯಿತು ಎಂದು ನೀವೂ ನೆನಪು ಮಾಡಿಕೊಳ್ಳಿ. ಬಡ್ತಿ ತಪ್ಪಿದ್ದಿರಬಹುದು, ಮಕ್ಕಳು ದೂರ ಹೋದದ್ದಿರಬಹುದು, ಕೈಹಿಡಿದ ಕಸುಬು ಬೆಲೆ ಕಳೆದುಕೊಂಡದ್ದಿರಬಹುದು. ಉತ್ತರ ತಕ್ಷಣ ಬರುವುದಿಲ್ಲ. ಬಂದಾಗ ತಿದ್ದಲು ಹೋಗಬೇಡಿ. ಮೇಲಿನವರ ಬಗ್ಗೆ ಅವರ ದೂರುಗಳಲ್ಲಿ ನಿಜವಿರುವುದನ್ನು ನಿಜವೆಂದು ಒಪ್ಪಿಕೊಳ್ಳಿ. ಅಧಿಕಾರಸ್ಥರನ್ನು ಸಮರ್ಥಿಸುವ ಹೊಣೆ ನಿಮ್ಮದಲ್ಲ. ಆ ನಾಯಕನನ್ನು ಗೇಲಿ ಮಾಡಬೇಡಿ. ಸಾಧ್ಯವಾದರೆ, ಅವರು ಪರಿಣತರಾಗಿರುವ ಯಾವುದಾದರೂ ಕೆಲಸದಲ್ಲಿ ಬೇರೆ ಬೇರೆ ಮೂಲದ ಜನರೊಂದಿಗೆ ಕೈಜೋಡಿಸುವ ಅವಕಾಶ ಹುಡುಕಿ. ಬರೀ ಪರಿಚಯ ಸಾಲದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದರು: ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಒಬ್ಬರಿಗೊಬ್ಬರು ನೆರವಾಗದೆ ಕೆಲಸ ಸಾಗದಂತಿರಬೇಕು, ಮೇಲಿನವರ ಒಪ್ಪಿಗೆಯೂ ಬೇಕು.

ಒಂದು ಗಡಿ ಮಾತ್ರ ಇರಲಿ. ಹೊರಗಿನವರನ್ನು ಹೊಡೆದೋಡಿಸಬೇಕು, ಅವರು ಮನುಷ್ಯರೇ ಅಲ್ಲ ಎಂಬ ಮಾತು ಬಂದರೆ ಸಹನೆಯಿಂದ ಕೇಳುತ್ತಾ ಕೂರಬೇಡಿ. ದನಿ ಏರಿಸದೆ, ಎಲ್ಲರೆದುರಿಗೆ, ಅಣ್ಣಾ, ಇದಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಹೇಳಿ. ಗುಂಪಿನಲ್ಲಿ ಸುಮ್ಮನಿರುವವರನ್ನು ಮಾತನಾಡುವವರು ತಮ್ಮ ಕಡೆಯವರೆಂದೇ ಲೆಕ್ಕ ಹಾಕುತ್ತಾರೆ. ಮನೆಯ ಮಕ್ಕಳು ಅಲ್ಲಿದ್ದರೆ ಇನ್ನೂ ಸ್ಪಷ್ಟವಾಗಿ ಹೇಳಿ, ಯಾಕೆ ಒಪ್ಪುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ.